ಸಂತರ ಮನೆಗೂ ಬಂದ ಬೇನೆ



ಅಕ್ಟೋಬರ್ ತಿಂಗಳ ಮೊದಲ ದಿನ ಬಾಲಯೇಸುವಿನ ಸಂತ ತೆರೇಸಮ್ಮನವರ ಹಬ್ಬ. ಗುಲಾಬಿ ಹೂಗಳನ್ನು ಎದೆಗೆ ಅವುಚಿಕೊಂಡು ನಿಂತ ಆ ಕನ್ಯಾಸ್ತ್ರೀಯ ಚಿತ್ರ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅದೇ ತಿಂಗಳ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನ. ಈ ಎರಡು ದಿನಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ತೆರೇಸಮ್ಮನವರ ಹೆತ್ತ ತಂದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದರು. ಆ ತಂದೆಯನ್ನು ಧರ್ಮಸಭೆ ಇಂದು ಸಂತರೆಂದು ಗೌರವಿಸುತ್ತದೆ.

ತೆರೇಸಮ್ಮನವರ ಜೀವನಕಥೆ ನಮಗೆಲ್ಲ ಬಾಯಿಪಾಠ. ಹದಿನೈದರ ಹರೆಯದಲ್ಲಿ ಲಿಸಿಯೂ ಪಟ್ಟಣದ ಕಾರ್ಮೆಲ್ ಮಠ ಸೇರಿದ್ದು, ಸಣ್ಣ ಸಣ್ಣ ಕೆಲಸಗಳನ್ನು ದೊಡ್ಡ ಪ್ರೀತಿಯಿಂದ ಮಾಡಿದ್ದು, 24ನೇ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡದ್ದು ಎಲ್ಲವನ್ನೂ ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೇವೆ. ಆದರೆ ತಂದೆಯ ಕಾಯಿಲೆಯ ವಿಷಯ ಬಂದಾಗ ಕಥೆ ಹೇಳುವವರು ಒಂದು ಸಲ ಕೆಮ್ಮಿ ಮುಂದಕ್ಕೆ ಹೋಗಿಬಿಡುತ್ತಾರೆ. "ಮುಪ್ಪಿನಲ್ಲಿ ಕಾಯಿಲೆ ಬಿದ್ದರು" ಎಂದಷ್ಟೇ ಹೇಳಿ ಮುಗಿಸುತ್ತಾರೆ. ಏನು ಕಾಯಿಲೆ ಎಂದು ಮಕ್ಕಳು ಕೇಳುವುದಿಲ್ಲ, ದೊಡ್ಡವರೂ ಹೇಳುವುದಿಲ್ಲ. ನಮ್ಮ ನೆರೆಮನೆಗಳಲ್ಲಿ ಆಗುವುದೂ ಹೀಗೆಯೇ ಅಲ್ಲವೇ?

ಲೂಯಿ ಮಾರ್ಟಿನ್‌ರವರು 1823ರಲ್ಲಿ ಹುಟ್ಟಿದವರು. ಫ್ರಾನ್ಸಿನ ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ಇಟ್ಟುಕೊಂಡಿದ್ದರು. ಭಾನುವಾರ ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ. ಪತ್ನಿ ಝೆಲಿಯವರು ಲೇಸು ಹೆಣೆಯುವ ಕಸುಬಿನಲ್ಲಿ ಹೆಸರಾದವರು. 1877ರಲ್ಲಿ ಆಕೆ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ಐದು ಹೆಣ್ಣುಮಕ್ಕಳು ತಾಯಿಯಿಲ್ಲದವರಾದರು. ಕಿರಿಯವಳಾದ ತೆರೇಸಾಗೆ ಆಗ ಐದು ವರ್ಷವೂ ತುಂಬಿರಲಿಲ್ಲ. ತಂದೆ ಮಕ್ಕಳನ್ನು ಕರೆದುಕೊಂಡು ಲಿಸಿಯೂಗೆ ಬಂದರು. ಅಲ್ಲಿ ಒಬ್ಬೊಬ್ಬ ಮಗಳೂ ಮಠದ ಕಡೆ ಮುಖ ಮಾಡಿದರು. 1882ರಲ್ಲಿ ಎರಡನೆಯ ಮಗಳು, 1886ರಲ್ಲಿ ಹಿರಿಯ ಮಗಳು, 1888ರ ಏಪ್ರಿಲಿನಲ್ಲಿ ತಂದೆಯ ಕಣ್ಮಣಿಯಾಗಿದ್ದ ತೆರೇಸಾ. ಈ ಕಿರಿಯ ಮಗಳಿಗೆ ಅನುಮತಿ ಕೇಳಲು ಅವರೇ ಧರ್ಮಾಧ್ಯಕ್ಷರ ಬಳಿಗೂ ರೋಮಿಗೂ ಆಕೆಯನ್ನು ಕರೆದುಕೊಂಡು ಹೋಗಿದ್ದರು. ಭಕ್ತ, ಶಾಂತ, ಕೊಡುಗೈ ಮನುಷ್ಯ. ಇಂಥವರಿಗೆ ಏನೂ ಆಗಬಾರದು ಎಂದು ನಾವು ಅಂದುಕೊಳ್ಳುತ್ತೇವೆ.

1887ರಲ್ಲಿಯೇ ಅವರಿಗೆ ಒಂದು ಸಲ ಪಾರ್ಶ್ವವಾಯು ಬಡಿದಿತ್ತು. ಮರುವರ್ಷ ಮರೆವು ಹೆಚ್ಚಾಯಿತು. 1888ರ ಜೂನಿನಲ್ಲಿ ಯಾರಿಗೂ ಹೇಳದೆ ಮನೆಯಿಂದ ಕಾಣೆಯಾದರು. ನಾಲ್ಕು ದಿನ ಹುಡುಕಾಡಿದ ಮೇಲೆ ದೂರದ ಬಂದರು ಪಟ್ಟಣವಾದ ಲ ಆವ್ರದಲ್ಲಿ ಸಿಕ್ಕಿದರು. 1889ರ ಜನವರಿ 10ರಂದು ತೆರೇಸಾಳ ಮಠವಸ್ತ್ರ ಧಾರಣೆಯ ದಿನ ಅವರು ಸಂಭ್ರಮದಿಂದಲೇ ಬಂದಿದ್ದರು. ಮಗಳ ಕೈಹಿಡಿದು ನಡೆಸಿದರು. ಒಂದು ತಿಂಗಳು ಕಳೆದಿತ್ತೋ ಇಲ್ಲವೋ, ಕಣ್ಣೆದುರಿಗೆ ಯುದ್ಧ ನಡೆಯುತ್ತಿರುವಂತೆ ಅವರಿಗೆ ಕಾಣತೊಡಗಿತು. ಮನೆಯಲ್ಲಿದ್ದ ಹೆಣ್ಣುಮಕ್ಕಳನ್ನು ಶತ್ರುಗಳಿಂದ ಕಾಪಾಡಬೇಕೆಂದು ಪಿಸ್ತೂಲನ್ನು ಕೈಗೆ ತೆಗೆದುಕೊಂಡರು. ಮಕ್ಕಳನ್ನು ಕೊಲ್ಲುವ ಮನಸ್ಸಲ್ಲ ಅದು, ಕಾಯುವ ಮನಸ್ಸು. ಆದರೆ ಆ ಮನಸ್ಸು ಇಲ್ಲದ್ದನ್ನು ಕಾಣುತ್ತಿತ್ತು. ಫೆಬ್ರುವರಿ 12ರಂದು ಅವರನ್ನು ಕಾನ್ ಪಟ್ಟಣದ ಬೋನ್ ಸೊವೆರ್ ಎಂಬ ಮನೋರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು. ಕನ್ಯಾಸ್ತ್ರೀಯರು ನಡೆಸುತ್ತಿದ್ದ ಆಸ್ಪತ್ರೆಯೇ ಆದರೂ, ಊರವರ ಬಾಯಲ್ಲಿ ಅದು ಹುಚ್ಚರ ಆಸ್ಪತ್ರೆ.

ಅಲ್ಲಿಂದ ಶುರುವಾಯಿತು ಊರಿನ ಮಾತು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋದದ್ದಕ್ಕೇ ಮುದುಕನ ತಲೆ ಕೆಟ್ಟಿತು, ಅದರಲ್ಲೂ ಕಿರಿಯವಳು ಹೋದದ್ದೇ ಕಾರಣ ಎಂದು ಜನ ಆಡಿಕೊಂಡರು. ಆ ಮಾತು ಮಠದ ಗೋಡೆಯನ್ನು ದಾಟಿ ಹದಿನಾರು ವರ್ಷದ ತೆರೇಸಾಳ ಕಿವಿಗೂ ಬಿತ್ತು. ತಂದೆಯ ಮೆದುಳಿನ ರಕ್ತನಾಳಗಳು ಗಡುಸಾಗುತ್ತಿದ್ದುದು ಊರಿನವರ ಕಣ್ಣಿಗೆ ಕಾಣುವಂಥದ್ದಲ್ಲ. ಮಗಳು ಮಠಕ್ಕೆ ಹೋದದ್ದು ಎಲ್ಲರಿಗೂ ಕಂಡಿತ್ತು. ಕಂಡದ್ದನ್ನೇ ಕಾರಣ ಮಾಡಿದರು. ಬೇನೆ ತಂದೆಗೆ, ತಪ್ಪಿತಸ್ಥಳ ಪಟ್ಟ ಮಗಳಿಗೆ.

ತೆರೇಸಾ ಆ ದಿನಗಳಲ್ಲಿ ಯೇಸುವಿನ ದಿವ್ಯಮುಖದ ಭಕ್ತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪ್ರವಾದಿ ಯೆಶಾಯನ ಗ್ರಂಥದಲ್ಲಿ ಬರುವ, ಜನ ನೋಡಲೊಲ್ಲದೆ ಮುಖ ತಿರುಗಿಸಿಕೊಂಡ ಆ ಯಾತನೆಯ ಸೇವಕನಲ್ಲಿ ಅವರು ತಮ್ಮ ತಂದೆಯನ್ನು ಕಂಡರು. ಮಠದಲ್ಲಿ ಅವರ ಪೂರ್ಣ ಹೆಸರು ಬಾಲಯೇಸುವಿನ ಮತ್ತು ದಿವ್ಯಮುಖದ ತೆರೇಸಾ ಎಂದು. ಆ ಹೆಸರಿನ ಎರಡನೆಯ ಭಾಗವನ್ನು ನಾವು ಮರೆತೇಬಿಟ್ಟಿದ್ದೇವೆ. ಬಾಲಯೇಸು ಮುದ್ದಾಗಿ ಕಾಣುತ್ತಾನೆ, ಅದಕ್ಕಿರಬೇಕು.

ಮೂರನೆಯ ಮತ್ತು ನಾಲ್ಕನೆಯ ಹೆಣ್ಣುಮಕ್ಕಳಾದ ಲಿಯೋನಿ ಮತ್ತು ಸೆಲೀನ್ ಆಗಿನ್ನೂ ಮನೆಯಲ್ಲಿದ್ದರು. ಅವರು ಕಾನ್ ಪಟ್ಟಣಕ್ಕೇ ಹೋಗಿ ಆಸ್ಪತ್ರೆಯ ಹತ್ತಿರ ಕೆಲವು ತಿಂಗಳು ಬಾಡಿಗೆಗೆ ಇದ್ದರು. ಒಳಗೆ ಹೋಗಿ ತಂದೆಯನ್ನು ನೋಡಲು ವಾರಕ್ಕೆ ಒಂದೇ ಸಲ ಅವಕಾಶ. ಉಳಿದ ದಿನಗಳಲ್ಲಿ ಬಾಗಿಲಿಗೆ ಹೋಗಿ ಅವರು ಹೇಗಿದ್ದಾರೆಂದು ಕೇಳಿಕೊಂಡು ಬರುತ್ತಿದ್ದರು. ತಂದೆಗೂ ಬುದ್ಧಿ ತಿಳಿಯಾಗಿರುತ್ತಿದ್ದ ಗಳಿಗೆಗಳಿದ್ದವು. ತಾನು ಎಲ್ಲಿದ್ದೇನೆಂದು ಅವರಿಗೆ ಗೊತ್ತಾಗುತ್ತಿತ್ತು. ಇಷ್ಟು ದಿನ ಆಜ್ಞೆ ಮಾಡಿದವನು ಈಗ ವಿಧೇಯನಾಗಿರಬೇಕು ಎಂಬ ಅರ್ಥದ ಮಾತನ್ನು ಅವರು ಆಡಿದ್ದುಂಟು. ಮನೆಯಿಂದ ತಂದ ತಿಂಡಿಯನ್ನು ಪಕ್ಕದ ರೋಗಿಗಳಿಗೆ ಹಂಚುತ್ತಿದ್ದರು. ಚಿತ್ತ ಕದಡಿದಾಗಲೂ ಮನುಷ್ಯ ಪೂರ್ತಿ ಅಳಿಸಿಹೋಗಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1892ರ ಮೇ ತಿಂಗಳಲ್ಲಿ, ಕಾಲಿನ ಶಕ್ತಿಯೂ ಮಾತೂ ಹೆಚ್ಚುಕಡಿಮೆ ಹೋದ ಮೇಲೆ, ಮಕ್ಕಳು ಅವರನ್ನು ಮನೆಗೆ ಕರೆತಂದರು. 1894ರ ಜುಲೈ 29ರಂದು ಅವರು ತೀರಿಕೊಂಡರು. ಸೆಲೀನ್ ಕೊನೆಯವರೆಗೂ ತಂದೆಯ ಆರೈಕೆ ಮಾಡಿ, ಅನಂತರವೇ ಮಠ ಸೇರಿದರು. 2015ರ ಅಕ್ಟೋಬರ್ 18ರಂದು ರೋಮಿನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಲೂಯಿ ಮತ್ತು ಝೆಲಿ ದಂಪತಿಗಳನ್ನು ಒಟ್ಟಿಗೆ ಸಂತರೆಂದು ಘೋಷಿಸಿದರು. ಆ ಆಸ್ಪತ್ರೆಯ ಮೂರು ವರ್ಷಗಳನ್ನು ಯಾರೂ ಅವರ ಕಡತದಿಂದ ಹರಿದುಹಾಕಲಿಲ್ಲ.

ಈಗ ನಮ್ಮ ಊರಿಗೆ, ನಮ್ಮ ಧರ್ಮಕೇಂದ್ರಕ್ಕೆ ಬರೋಣ. ಹೃದಯದ ಶಸ್ತ್ರಚಿಕಿತ್ಸೆಯಾಯಿತೆಂದರೆ ವಾರ್ಡಿನ ತುಂಬ ನೆಂಟರು, ಕೈಯಲ್ಲಿ ಮೂಸಂಬಿ, ಸೇಬು. ಪೂಜೆಯಲ್ಲಿ ಹೆಸರು ಹೇಳಿ ಪ್ರಾರ್ಥನೆ. ಅದೇ ಮನೆಯ ಮಗ ರಾತ್ರಿಯಿಡೀ ನಿದ್ದೆಯಿಲ್ಲದೆ ಒಬ್ಬನೇ ಮಾತಾಡುತ್ತಾನೆಂದರೆ, ಮಗಳು ಹೆರಿಗೆಯಾದ ಮೇಲೆ ಕೂಸನ್ನು ಎತ್ತಿಕೊಳ್ಳಲೊಲ್ಲಳೆಂದರೆ, ಮನೆಯ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ತೋರಿಸಿ ಬಂದವರು "ಡೇರಿ ಸರ್ಕಲ್ ಕಡೆ ಸ್ವಲ್ಪ ಕೆಲಸವಿತ್ತು" ಎನ್ನುತ್ತಾರೆ. ಹಿಂದೆ ಹುಚ್ಚಾಸ್ಪತ್ರೆಯಾಗಿದ್ದ ಆ ಸಂಸ್ಥೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಆಸ್ಪತ್ರೆಯ ಹೆಸರು ಎರಡು ಸಲ ಬದಲಾಯಿತು, ನಮ್ಮ ಬಾಯಿ ಮಾತ್ರ ಹಳೆಯ ಹೆಸರನ್ನೇ ಹಿಡಿದುಕೊಂಡಿದೆ.

ಇದು ಅಲ್ಲೊಬ್ಬ ಇಲ್ಲೊಬ್ಬರ ಕಥೆಯೂ ಅಲ್ಲ. 2015-16ರಲ್ಲಿ ಅದೇ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಭಾನುವಾರದ ಪೂಜೆಗೆ ಮುನ್ನೂರು ಮಂದಿ ದೊಡ್ಡವರು ಸೇರುವ ದೇವಾಲಯವಾದರೆ, ಆ ಲೆಕ್ಕದಲ್ಲಿ ಮೂವತ್ತು ಮಂದಿ. ನಿಮ್ಮ ಬೆಂಚಿನಲ್ಲಿಯೂ ಒಬ್ಬರಿರಬಹುದು. ಅದು ನೀವೇ ಆಗಿರಬಹುದು.

"ಯಾರು ಮಾಡಿದ ಪಾಪ?" ಎಂಬುದು ಮೊದಲು ಬರುವ ಪ್ರಶ್ನೆ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕೇಳಿದ್ದೂ ಇದನ್ನೇ. ಇವನದೋ, ಇವನ ತಂದೆತಾಯಿಯದೋ ಎಂದು. ಎರಡೂ ಅಲ್ಲವೆಂದರು ಪ್ರಭು. ಅಷ್ಟು ಸ್ಪಷ್ಟವಾಗಿ ಪ್ರಭುವೇ ಹೇಳಿದ ಮೇಲೂ ನಮ್ಮ ನೆರೆಹೊರೆಯಲ್ಲಿ ಲೆಕ್ಕಾಚಾರ ನಿಂತಿಲ್ಲ. ಅಜ್ಜ ಮಾಡಿದ ಜಮೀನಿನ ಮೋಸ, ತಾಯಿಯ ನಾಲಿಗೆ, ಪೂಜೆ ತಪ್ಪಿಸಿದ್ದು ಎಲ್ಲ ಲೆಕ್ಕಕ್ಕೆ ಬರುತ್ತವೆ. ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಬಾಯಿಬಿಡದೆ ಕುಳಿತಿದ್ದಷ್ಟು ಕಾಲ ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿಬಿಟ್ಟು ಕಾರಣ ಹೇಳತೊಡಗಿದಾಗಲೇ ಕೆಟ್ಟರು.

ಪ್ರಭು ಯೇಸುವಿಗೇ ಬುದ್ಧಿ ಕೆಟ್ಟಿದೆಯೆಂದು ಜನ ಹೇಳಿದ್ದುಂಟು. ಮಾರ್ಕನ ಶುಭಸಂದೇಶದ ಮೂರನೆಯ ಅಧ್ಯಾಯವನ್ನು ತೆರೆದು ನೋಡಿ. ಅವರ ಬಂಧುಗಳೇ ಹಾಗೆ ತಿಳಿದು ಅವರನ್ನು ಹಿಡಿದು ತರಲು ಹೊರಟರು. ನಾವು ಸದರವಾಗಿ ಬಳಸುವ 'ಹುಚ್ಚ' ಎಂಬ ಮಾತು ಒಂದು ದಿನ ದೇವಪುತ್ರನ ಮೈಮೇಲೂ ಬಿದ್ದದ್ದೇ.

ಎರಡನೆಯದು, ದೆವ್ವದ ಮಾತು. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ, ಮೈಮೇಲೆ ಬಂದಿದೆ ಎಂದು ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಓದಿದವರ ಮನೆಗಳಲ್ಲಿಯೂ ಹೇಳುತ್ತಾರೆ. ದುರಾತ್ಮನು ಇದ್ದಾನೆಂದು ಧರ್ಮಸಭೆ ಬೋಧಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ಧರ್ಮಸಭೆ ಎಷ್ಟು ಎಚ್ಚರದಿಂದ ನಡೆದುಕೊಳ್ಳುತ್ತದೆ ನೋಡಿ. ಭೂತೋಚ್ಚಾಟನೆಗೆ ಮುನ್ನ, ಎದುರಿಗಿರುವುದು ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂದು ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಕಾಯಿಲೆಯ ಚಿಕಿತ್ಸೆ ವೈದ್ಯಶಾಸ್ತ್ರದ ಕೆಲಸವೆಂದೂ ಅದೇ ಕಡೆ ಹೇಳಿದೆ. ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಗುರುವೂ ಆ ವಿಧಿಯನ್ನು ನಡೆಸುವಂತಿಲ್ಲ. ಗುರುವಿಗೇ ಇಲ್ಲದ ಸ್ವಾತಂತ್ರ್ಯ, ಬಾಡಿಗೆಯ ಹಾಲಿನಲ್ಲಿ ಮೈಕು ಹಿಡಿದು ತಲೆಯ ಮೇಲೆ ಕೈಯಿಟ್ಟು ಕೂಗುವವರಿಗೆ ಎಲ್ಲಿಂದ ಬಂತು? ಹೆದರಿದ ಮಗುವನ್ನು ಹತ್ತು ಜನ ಹಿಡಿದುಕೊಂಡು ಕೂಗಾಡುವುದಕ್ಕೆ ಪ್ರಾರ್ಥನೆ ಎಂಬ ಹೆಸರು ಸಲ್ಲದು.

ಗೆರಸೇನರ ನಾಡಿನ ಆ ಮನುಷ್ಯನ ಕಥೆಯನ್ನು ದೆವ್ವದ ಮಾತಿಗೆ ಸಾಕ್ಷಿಯಾಗಿ ತರುತ್ತಾರೆ. ಆ ಕಥೆಯಲ್ಲಿ ಎರಡು ಸಂಗತಿಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಂದು, ಅವನನ್ನು ಸರಪಳಿಯಲ್ಲಿ ಕಟ್ಟಿದ್ದು ಊರಿನವರು. ಪ್ರಭು ಅವನಿಗೆ ಸರಪಳಿ ಹಾಕಲಿಲ್ಲ, ಹೆಸರು ಕೇಳಿದರು. ಇನ್ನೊಂದು, ಗುಣವಾದ ಮೇಲೆ ಅವನು ನಿಮ್ಮ ಜೊತೆಗೇ ಬರುತ್ತೇನೆಂದಾಗ ಪ್ರಭು ಒಪ್ಪದೆ ಅವನನ್ನು ಮನೆಗೆ, ತನ್ನವರ ಬಳಿಗೆ ಕಳುಹಿಸಿದರು. ಸಮಾಧಿಗಳ ನಡುವೆ ಬಾಳಿದವನಿಗೆ ಮನೆ ಸಿಕ್ಕಬೇಕಿತ್ತು, ಮನೆಯವರು ಬಾಗಿಲು ತೆಗೆಯಬೇಕಿತ್ತು.

ಸರಪಳಿ ಹಳೆಯ ಕಾಲದ್ದು ಎಂದುಕೊಳ್ಳಬೇಡಿ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಮುಂಜಾನೆ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಹತ್ತಿ 28 ಮಂದಿ ಮನೋರೋಗಿಗಳು ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಪುಣ್ಯಸ್ಥಳದಲ್ಲಿ ಗುಣವಾಗಲಿ ಎಂದು ಮನೆಯವರು ತಂದು ಬಿಟ್ಟವರು ಅವರು. ಅದು ಬೇರೆಯವರ ಊರು, ಬೇರೆಯವರ ಮತ ಎಂದು ನಾವು ಬೆರಳು ತೋರಿಸುವ ಹಾಗಿಲ್ಲ. ಹಿತ್ತಲ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ ಮನೆಗಳು ಎಲ್ಲ ಮತದವರಲ್ಲಿಯೂ ಇವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ಹಾಗಾದರೆ ಪ್ರಾರ್ಥನೆ ಬೇಡವೇ? ಬೇಕು. ಆದರೆ ಔಷಧಿಯ ಬದಲಿಗೆ ಪ್ರಾರ್ಥನೆ ಎಂದು ನಮ್ಮ ಪವಿತ್ರ ಗ್ರಂಥ ಎಲ್ಲಿಯೂ ಕಲಿಸುವುದಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯ ನಾವು ಕಥೋಲಿಕರಿಗೆ ದೊರೆತ ದೊಡ್ಡ ಸಂಪತ್ತು. ವೈದ್ಯನನ್ನೂ ದೇವರೇ ಸೃಷ್ಟಿಸಿದ್ದು, ಮದ್ದನ್ನು ನೆಲದಿಂದ ಹುಟ್ಟಿಸಿದವನೂ ಆತನೇ, ಬುದ್ಧಿವಂತ ಅದನ್ನು ತಿರಸ್ಕರಿಸುವುದಿಲ್ಲ ಎಂಬುದು ಅಲ್ಲಿನ ಬೋಧನೆ. ಕಾಯಿಲೆಯಾದಾಗ ದೇವರಲ್ಲಿ ಮೊರೆಯಿಡು, ವೈದ್ಯನಿಗೂ ಎಡೆಕೊಡು ಎಂದು ಎರಡನ್ನೂ ಒಟ್ಟಿಗೆ ಹೇಳಿದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಂಡು ಪೂಜೆಗೆ ಬರುವವರನ್ನು ಯಾರೂ ವಿಶ್ವಾಸ ಕಡಿಮೆ ಎನ್ನುವುದಿಲ್ಲ. ಖಿನ್ನತೆಯ ಮಾತ್ರೆ ನುಂಗುವವರಿಗೆ ಮಾತ್ರ ಆ ಮಾತು ಯಾಕೆ?

ಧ್ಯಾನಕೂಟಗಳ ವಿಷಯದಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಐದು ದಿನದ ಧ್ಯಾನಕ್ಕೆ ಹೋದವರು ಅಳುತ್ತಾರೆ, ಹಗುರಾಗುತ್ತಾರೆ, ದೇವರ ಶಾಂತಿ ಅನುಭವಿಸುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿಂದ ಬಂದವರು ಮಾತ್ರೆಗಳನ್ನು ಕಸದ ಬುಟ್ಟಿಗೆ ಹಾಕಿ ಸಾಕ್ಷಿ ಹೇಳುತ್ತಾರೆ. ಒಂದೆರಡು ವಾರ ಎಲ್ಲ ಸರಿಯಿರುತ್ತದೆ, ಏಕೆಂದರೆ ಮಾತ್ರೆಯ ಗುಣ ಮೈಯಿಂದ ಒಂದೇ ದಿನಕ್ಕೆ ಇಳಿಯುವುದಿಲ್ಲ. ಆಮೇಲೆ ಕಾಯಿಲೆ ಮರುಕಳಿಸುತ್ತದೆ, ಅನೇಕ ಸಲ ಮೊದಲಿಗಿಂತ ಜೋರಾಗಿ. ಸಾಕ್ಷಿ ಕೇಳಿ ಚಪ್ಪಾಳೆ ತಟ್ಟಿದವರು ಆಗ ಅಲ್ಲಿರುವುದಿಲ್ಲ. ಮಾತ್ರೆ ಕಡಿಮೆ ಮಾಡುವುದಾದರೂ ನಿಲ್ಲಿಸುವುದಾದರೂ ವೈದ್ಯರು ಹೇಳಬೇಕು. ಶುರುಮಾಡುವಾಗಲೂ ತಾಳ್ಮೆ ಬೇಕು. ಖಿನ್ನತೆಯ ಔಷಧಿ ಕೆಲಸ ಮಾಡತೊಡಗಲು ಕೆಲವು ವಾರಗಳೇ ಹಿಡಿಯುತ್ತವೆ. ನಾಲ್ಕು ದಿನ ನುಂಗಿ ಏನೂ ಆಗಲಿಲ್ಲವೆಂದು ಬಿಡುವವರೇ ಹೆಚ್ಚು.

ಪ್ರವಾದಿ ಎಲೀಯನನ್ನು ನೆನಪಿಸಿಕೊಳ್ಳಿ. ಕಾರ್ಮೆಲ್ ಬೆಟ್ಟದ ಮೇಲೆ ಗೆದ್ದವನು ಅದಾದ ಮೇಲೆ ಮರಳುಗಾಡಿಗೆ ಓಡಿಹೋಗಿ ಒಂದು ಗಿಡದಡಿ ಬಿದ್ದುಕೊಂಡು ಸಾವನ್ನು ಬೇಡಿದ. ದೇವದೂತ ಬಂದು ಅವನಿಗೆ ಬೋಧನೆ ಮಾಡಲಿಲ್ಲ, "ನಿನ್ನಂಥವನು ಹೀಗೆ ಮಾಡಬಹುದೇ" ಎಂದು ಬೈಯಲೂ ಇಲ್ಲ. ಮಲಗಲು ಬಿಟ್ಟ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ತಿಂದ, ಮತ್ತೆ ಮಲಗಿದ. ಎರಡನೆಯ ಸಲ ಮುಟ್ಟಿ ಎಬ್ಬಿಸಿ ಮತ್ತೆ ಊಟ ಕೊಟ್ಟ, ದಾರಿ ದೂರವಿದೆ ಎಂದ. ನಿದ್ದೆ, ಊಟ, ಮುಟ್ಟುವ ಒಂದು ಕೈ. "ಧೈರ್ಯವಾಗಿರು, ಎಲ್ಲ ನಿನ್ನ ಮನಸ್ಸಿನಲ್ಲೇ ಇದೆ" ಎಂದು ಉಪದೇಶ ಕೊಡುವ ನಾವು ಆ ದೇವದೂತನಿಂದ ಕಲಿಯಬೇಕು. ಮನಸ್ಸಿಗೇ ಕಾಯಿಲೆ ಬಂದಿರುವಾಗ ಧೈರ್ಯವನ್ನು ಅವನು ಎಲ್ಲಿಂದ ತರಬೇಕು?

ನಮ್ಮವರಲ್ಲಿ ಮಾತ್ರ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯ ನರಳಾಟವಿದೆ. ನಿನ್ನೆ ಪಾಪನಿವೇದನೆ ಮಾಡಿದವರು ಇಂದು ಮತ್ತೆ ಬರುತ್ತಾರೆ. ಹೇಳಿದ್ದು ಸರಿಯಾಗಲಿಲ್ಲ, ಏನೋ ಬಿಟ್ಟುಹೋಯಿತು, ದೇವರು ಕ್ಷಮಿಸಿಲ್ಲ ಎನ್ನುತ್ತಾರೆ. ಪರಮಪ್ರಸಾದ ಸ್ವೀಕರಿಸಲು ಹೆದರುತ್ತಾರೆ. ಇದನ್ನು ನಾವು ಹೆಚ್ಚಿನ ಭಕ್ತಿಯೆಂದು ಹೊಗಳುತ್ತೇವೆ. ಅನೇಕ ಸಲ ಅದು ಗೀಳು ಎಂಬ ಕಾಯಿಲೆ. ಲೊಯೋಲದ ಸಂತ ಇಗ್ನೇಷಿಯಸ್‌ರವರೇ 1522ರಲ್ಲಿ ಮನ್ರೇಸಾದಲ್ಲಿ ತಿಂಗಳುಗಟ್ಟಲೆ ಇಂಥ ಸಂಶಯಗಳಿಂದ ನರಳಿ, ಬದುಕೇ ಬೇಡವೆನ್ನುವ ಹಂತಕ್ಕೆ ಹೋಗಿದ್ದರು. ಇಂಥವರಿಗೆ ಬೇಕಾದದ್ದು ಒಬ್ಬರೇ ಗುರುಗಳ ಶಾಂತವಾದ ಮಾರ್ಗದರ್ಶನ, ಜೊತೆಗೆ ಒಬ್ಬ ಒಳ್ಳೆಯ ವೈದ್ಯರು.

ಇನ್ನು ಮದುವೆಯ ವಿಷಯ. "ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎಂದು ಹಿರಿಯರು ಹೇಳುತ್ತಾರೆ. ಮದುವೆ ಸಂಸ್ಕಾರ, ಅದು ಔಷಧಿಯಲ್ಲ. ಕಾಯಿಲೆಯನ್ನು ಮುಚ್ಚಿಟ್ಟು, ಮಾತ್ರೆಯ ಚೀಟಿಗಳನ್ನು ಸುಟ್ಟುಹಾಕಿ, ಮೂರು ಭಾನುವಾರ ಮದುವೆಯ ಪ್ರಕಟಣೆ ಮಾಡಿಸಿ ಮುಗಿಸಿಬಿಟ್ಟರೆ ಇಬ್ಬರ ಬಾಳೂ ಹಾಳು. ಮದುವೆಮನೆಯ ಗಲಾಟೆ, ನಿದ್ದೆಗೇಡು, ಗುಟ್ಟಾಗಿ ಬಿಟ್ಟ ಮಾತ್ರೆ ಎಲ್ಲ ಸೇರಿ ಮೊದಲ ತಿಂಗಳಲ್ಲೇ ಕಾಯಿಲೆ ಹೊರಬೀಳುತ್ತದೆ. ದಾಂಪತ್ಯಕ್ಕೆ ಭಾರಿ ಧಕ್ಕೆ ತರುವಂಥ ಸಂಗತಿಯನ್ನು ಮೋಸದಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದರೆ ಮದುವೆಯೇ ಅಸಿಂಧುವಾಗುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಹಾಗೆಂದು ಕಾಯಿಲೆ ಇದ್ದವರು ಮದುವೆಯಾಗಲೇಬಾರದು ಎಂದಲ್ಲ. ವೈದ್ಯರ ಸಲಹೆ ಪಡೆದು, ಎರಡೂ ಕಡೆಯವರಿಗೆ ತಿಳಿಸಿ ಆದ ಮದುವೆಗಳು ಚೆನ್ನಾಗಿ ಬಾಳುತ್ತಿವೆ. ಹೆಣ್ಣುಮಕ್ಕಳ ವಿಷಯದಲ್ಲಿ ಅನ್ಯಾಯ ಇನ್ನೂ ಹೆಚ್ಚು. ಗಂಡನಿಗೆ ಕಾಯಿಲೆ ಬಂದರೆ ಹೆಂಡತಿ ಸಹಿಸಬೇಕು, ಹೆಂಡತಿಗೆ ಬಾಣಂತಿ ಸನ್ನಿ ಬಂದರೆ ತವರಿಗೆ ಅಟ್ಟಬೇಕು. ಯಾವ ಸುವಾರ್ತೆಯ ನ್ಯಾಯವಿದು? ಬಾಣಂತಿ ಸನ್ನಿ ಬೇಗ ಆಸ್ಪತ್ರೆಗೆ ತೋರಿಸಿದರೆ ಚೆನ್ನಾಗಿ ಗುಣವಾಗುವ ಕಾಯಿಲೆ. ತಡಮಾಡಿದರೆ ತಾಯಿಗೂ ಕೂಸಿಗೂ ಅಪಾಯ.

ಹೇಳಲು ಕಷ್ಟವಾದ ಮಾತೊಂದು ಉಳಿದಿದೆ. ತಾವಾಗಿಯೇ ಪ್ರಾಣ ಕಳೆದುಕೊಂಡವರ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿವೆ. ಹಿಂದಿನ ಕಾಲದಲ್ಲಿ ಅಂಥವರ ಅಂತ್ಯಸಂಸ್ಕಾರಕ್ಕೆ ಎಷ್ಟು ಕಷ್ಟವಿತ್ತೆಂದು ಹಿರಿಯರಿಗೆ ನೆನಪಿದೆ. ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ 1917ರ ಕಾನೂನು ಸಂಹಿತೆ ಧರ್ಮಸಭೆಯ ಸಮಾಧಿಯನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ಜೀವ ದೇವರ ದಾನ, ಅದನ್ನು ಕಳೆದುಕೊಳ್ಳುವುದು ನಮಗೆ ಸೇರಿದ್ದಲ್ಲ ಎಂಬ ಬೋಧನೆ ಹಾಗೆಯೇ ಇದೆ. ಅದರ ಜೊತೆಯಲ್ಲೇ ತೀವ್ರವಾದ ಮಾನಸಿಕ ಅಸ್ವಸ್ಥತೆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲದು, ಅವರ ನಿತ್ಯರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಿವೆ ಎಂದು ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ. ಧರ್ಮಸಭೆ ತೆರೆದ ಬಾಗಿಲನ್ನು ಅಂಗಳದಲ್ಲಿ ನಿಂತು ಪಿಸುಗುಡುವವರು ಮುಚ್ಚಬಾರದು.

ತೆರೇಸಮ್ಮನವರೇ ತಮ್ಮ ಕೊನೆಯ ತಿಂಗಳುಗಳಲ್ಲಿ, ಉಸಿರಾಡಲೂ ಆಗದ ನೋವಿನಲ್ಲಿ, ವಿಶ್ವಾಸವಿಲ್ಲದಿದ್ದರೆ ತಾನು ಉಳಿಯುತ್ತಿರಲಿಲ್ಲವೆಂದು ಅಕ್ಕನ ಬಳಿ ಒಪ್ಪಿಕೊಂಡರು. ಇಷ್ಟು ನರಳುವ ರೋಗಿಗಳ ಹತ್ತಿರ ಅಪಾಯದ ಔಷಧಿಗಳನ್ನು ಇಡಬೇಡಿ ಎಂದು ಎಚ್ಚರಿಸಿದರು. ಸಂತರ ಮನಸ್ಸಿಗೂ ಅಂಥ ಆಲೋಚನೆ ಬರುತ್ತದೆ. ಬಂದಾಗ ಅವರು ಬಾಯಿಬಿಟ್ಟು ಹೇಳಿದರು, ಕೇಳುವವರೂ ಹತ್ತಿರವಿದ್ದರು. ನಿಮ್ಮ ಮನೆಯಲ್ಲಿ ಯಾರಾದರೂ "ನಾನು ಇದ್ದು ಏನು ಪ್ರಯೋಜನ" ಎಂದರೆ ಬೈದು ಬಾಯಿ ಮುಚ್ಚಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಬೇಡ, ಹೇಳಿಕೊಂಡವರಿಗೆ ಹಗುರಾಗುತ್ತದೆ. ಅವರನ್ನು ಒಬ್ಬರನ್ನೇ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ ಮಾನಸ್ ಸೇವೆ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಹಣವಿಲ್ಲದೆ ಫೋನ್ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ದೇವಾಲಯದ ಸೂಚನಾ ಫಲಕದಲ್ಲಿ ಈ ಸಂಖ್ಯೆಯನ್ನು ಬರೆದುಹಾಕಲು ಯಾರ ಅಪ್ಪಣೆ ಬೇಕು?

ದೂರದ ಊರಿನ ಆಸ್ಪತ್ರೆಗೆ ಹೋಗಲಾಗದು ಎನ್ನುವವರಿಗೆ ಒಂದು ಮಾತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದ್ದರಿಂದ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಬೆಲ್ಜಿಯಂ ದೇಶದಲ್ಲಿ ಗೇಲ್ ಎಂಬ ಪಟ್ಟಣವಿದೆ. ಮನೋರೋಗಿಗಳ ಪಾಲಕಿಯಾದ ಸಂತ ದಿಂಫ್ನಾರವರ ದೇವಾಲಯವಿರುವ ಊರು. ಹಿಂದಿನ ಶತಮಾನಗಳಲ್ಲಿ ಅಲ್ಲಿಗೆ ಹರಕೆ ಹೊತ್ತು ಬಂದ ರೋಗಿಗಳಿಗೆ ದೇವಾಲಯದಲ್ಲಿ ಜಾಗ ಸಾಲದಾದಾಗ ಊರಿನವರು ತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ಅದೇ ರೂಢಿಯಾಯಿತು. ರೋಗಿ ಮನೆಯವರ ಜೊತೆ ಉಂಡು, ಕೈಲಾದ ಕೆಲಸ ಮಾಡಿಕೊಂಡು ವರ್ಷಗಟ್ಟಲೆ ಇರುತ್ತಿದ್ದ. 1930ರ ದಶಕದ ಕೊನೆಯಲ್ಲಿ ಅಲ್ಲಿನ ಮನೆಗಳಲ್ಲಿ ಹೀಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಈಗ ಸಂಖ್ಯೆ ಬಹಳ ಕಡಿಮೆಯಾಗಿದೆ, ವೈದ್ಯರ ಮೇಲ್ವಿಚಾರಣೆ ಸೇರಿಕೊಂಡಿದೆ, ಪದ್ಧತಿ ನಿಂತಿಲ್ಲ. ಅಲ್ಲಿನವರು ನಮಗಿಂತ ದೊಡ್ಡ ಭಕ್ತರೇನೂ ಆಗಿರಲಿಕ್ಕಿಲ್ಲ. ಮನೋರೋಗಿಯನ್ನು ದಿನವೂ ನೋಡಿ ನೋಡಿ ಅವರಿಗೆ ಹೆದರಿಕೆ ಹೋಗಿತ್ತು, ಅಷ್ಟೇ.

ಬೇರೆಯವರ ರೋಗಿಯನ್ನು ಮನೆಗೆ ತರಬೇಕೆಂದು ನಿಮಗೆ ಹೇಳುತ್ತಿಲ್ಲ. ನಮ್ಮ ನೆರೆಮನೆಗೆ ಹೋಗಿ ಬರಬಹುದಲ್ಲ. ಹತ್ತು ವರ್ಷದಿಂದ ಮಗನನ್ನು ಬಿಟ್ಟು ಎಲ್ಲಿಗೂ ಹೋಗಲಾಗದ ತಾಯಿಯೊಬ್ಬಳು ಇದ್ದರೆ, ಒಂದು ಭಾನುವಾರ ಎರಡು ಗಂಟೆ ನೀವು ಅವನ ಜೊತೆ ಕುಳಿತರೆ ಆಕೆ ಪೂಜೆಗೆ ಬರಬಹುದು. ಸಂತ ವಿನ್ಸೆಂಟ್ ದೇ ಪೌಲ್ ಸಭೆಯವರು ಅಕ್ಕಿ ಕೊಡುವ ಮನೆಗಳಲ್ಲಿ ತಿಂಗಳ ಮಾತ್ರೆಯ ಖರ್ಚನ್ನೂ ವಿಚಾರಿಸಬಹುದು. ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ 'ಮನೋರೋಗದಿಂದ ಬಳಲುತ್ತಿರುವವರಿಗಾಗಿ' ಎಂಬ ಒಂದು ಬಿನ್ನಹ ಸೇರಲಿ. ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತವರಿಗೆ ತಮ್ಮ ಕಷ್ಟದ ಹೆಸರನ್ನು ದೇವಾಲಯದಲ್ಲಿ ಗಟ್ಟಿಯಾಗಿ ಕೇಳುವುದೇ ಒಂದು ಸಾಂತ್ವನ.

ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರ ಸಾಯುವವರಿಗೆ ಮಾತ್ರ ಎಂಬ ಹಳೆಯ ಭಾವನೆ ಇನ್ನೂ ಹೋಗಿಲ್ಲ. ಕಾಯಿಲೆ ಗಂಭೀರವಾದ ಮನೋರೋಗಿಗಳಿಗೂ ಅದು ಸಲ್ಲುತ್ತದೆ. ಜಗದ್ಗುರು ಎರಡನೆಯ ಜಾನ್ ಪೌಲ್‌ರವರು 1996ರ ನವೆಂಬರಿನಲ್ಲಿ ಮನೋರೋಗದ ವಿಷಯವಾಗಿ ರೋಮಿನಲ್ಲಿ ನಡೆದ ಸಮ್ಮೇಳನದಲ್ಲಿ, ದೇವರ ಪ್ರತಿರೂಪವನ್ನು ಮನೋರೋಗಿಯೂ ಸದಾ ಹೊತ್ತಿರುತ್ತಾನೆಂದು ಬೋಧಿಸಿದರು. ಜಗದ್ಗುರು ಹದಿನಾರನೆಯ ಬೆನೆಡಿಕ್ಟ್‌ರವರು 2006ರ ವಿಶ್ವ ರೋಗಿಗಳ ದಿನದ ಸಂದೇಶವನ್ನು ಮನೋರೋಗಿಗಳಿಗೇ ಮೀಸಲಿಟ್ಟರು. ಅವರನ್ನು ಸಂಸ್ಕಾರಗಳಿಂದ ದೂರವಿಡಲು ನಮಗೆ ಯಾವ ಕಾರಣವೂ ಇಲ್ಲ.

ತಿಂಗಳ ಮೊದಲ ಶುಕ್ರವಾರ ಗುರುಗಳು ಮನೆಯಿಂದ ಹೊರಬರಲಾಗದ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುತ್ತಾರೆ. ಅವರ ಕೈಯಲ್ಲೊಂದು ಪಟ್ಟಿಯಿರುತ್ತದೆ. ಪಾರ್ಶ್ವವಾಯು ಹೊಡೆದವರು, ಸೊಂಟ ಮುರಿದ ಅಜ್ಜಿಯರು, ಕ್ಯಾನ್ಸರ್ ರೋಗಿಗಳ ಹೆಸರುಗಳು ಅದರಲ್ಲಿವೆ. ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿರುವವರ ಹೆಸರೂ ಆ ಪಟ್ಟಿಗೆ ಸೇರಬೇಕೆಂದಿದ್ದರೆ, ಈ ಭಾನುವಾರ ಪೂಜೆ ಮುಗಿದ ಮೇಲೆ ಗುರುಗಳನ್ನು ಕಂಡು ಹೇಳಿ.